ಹಳೆ ಬಂಗಲೆಯಲ್ಲಿ ಪಾಠ: ವೆಸ್ಟ್ ಡೀನ್, ಮ್ಯಾಡಿಂಗ್ಲಿ, ಡಾರ್ಟಿಂಗ್ಟನ್ – ಯಾರಿಗೆ ಯಾವುದು?

ಹಾಸನದಲ್ಲಿ ಹೈಸ್ಕೂಲ್ ಟೀಚರ್ ಆಗಿ ರಿಟೈರ್ ಆದ ನಮ್ಮಕ್ಕ ಬೇಸಿಗೆಗೆ ಮಗಳ ಮನೆ ಅಂತ ಇಂಗ್ಲೆಂಡಿಗೆ ಬಂದಳು. ಎರಡನೇ ವಾರಕ್ಕೇ ನನಗೆ ಫೋನ್. "ಬೆಳಗ್ಗೆ ಎಲ್ಲರೂ ಕೆಲಸಕ್ಕೆ ಹೋಗ್ತಾರೆ. ನಾನು ಸೋಫಾ ಕಾಯ್ಕೊಂಡು ಕೂತಿರ್ತೀನಿ. ನೀನು ಅದ್ಯಾವುದೋ ದೊಡ್ಡ ಬಂಗಲೆಗೆ ಹೋಗಿ ಪುಸ್ತಕ ಬೈಂಡಿಂಗ್ ಕಲಿತು ಬಂದೆಯಲ್ಲ, ನನಗೂ ಅಂಥದ್ದೊಂದು ನೋಡೋ."

ಅದೇ ವಾರ ದಾವಣಗೆರೆ ಕಡೆಯ ಸಹೋದ್ಯೋಗಿಯೊಬ್ಬ ಇನ್ನೊಂದು ಪ್ರಶ್ನೆ ತಂದ. ಅವನಿಗೆ ಇತಿಹಾಸ ಓದುವ ಆಸೆ. ಆದರೆ ಓದಿದ್ದಕ್ಕೆ ಸರ್ಟಿಫಿಕೇಟ್ ಬೇಕು, ಕೆಲಸ ಬಿಡೋ ಹಾಗಿಲ್ಲ. ಇಬ್ಬರಿಗೂ ಒಂದೇ ಉತ್ತರ ಕೊಡಲಾಗದು ಅಲ್ವಾ? ಹಳೆ ಎಸ್ಟೇಟ್ ಬಂಗಲೆಗಳಲ್ಲಿ ಉಳಿದು ಕಲಿಯುವ ಮೂರು ಜಾಗಗಳನ್ನು ಕೂತು ಹೋಲಿಸಿ ನೋಡಿದೆ. ಆಗ ಬರೆದಿಟ್ಟದ್ದನ್ನೇ ಇಲ್ಲಿ ಸ್ವಲ್ಪ ಬೆಳೆಸಿದ್ದೇನೆ.

ಮೊದಲು ಒಂದು ಮಾತು. ಎಸ್ಟೇಟ್ ಅಂದ ಕೂಡಲೇ ನಮಗೆ ಕಣ್ಮುಂದೆ ಬರುವುದು ಸಕಲೇಶಪುರದ ಕಾಫಿ ತೋಟ, ಲೈನ್ ಮನೆ, ಕಣದಲ್ಲಿ ಹರಡಿದ ಹಣ್ಣು. ಇಂಗ್ಲೆಂಡಿನಲ್ಲಿ ಎಸ್ಟೇಟ್ ಅಂದರೆ ಜಮೀನ್ದಾರಿ ಮನೆತನದ ಭಾರಿ ಬಂಗಲೆ. ಅದರ ಸುತ್ತ ತೋಟ, ಕಾಡು, ಹೊಲ, ಒಕ್ಕಲುಗಳ ಮನೆಗಳು, ಕೆಲವೊಮ್ಮೆ ಇಡೀ ಹಳ್ಳಿಯೇ. ನಮ್ಮ ಗುತ್ತಿನ ಮನೆಯನ್ನು ಇಪ್ಪತ್ತು ಪಟ್ಟು ಹಿಗ್ಗಿಸಿದರೆ ಹೆಚ್ಚುಕಡಿಮೆ ಸಿಗುವ ಚಿತ್ರ ಅದು.

ಇಂಥ ಮನೆಗಳಲ್ಲಿ ದೊಡ್ಡವರಿಗೆ ಪಾಠ ಹೇಳುವ ಪದ್ಧತಿ ಹೇಗೆ ಬಂತು? ಎರಡು ಸಂಗತಿಗಳು ಒಂದೇ ಹೊತ್ತಿಗೆ ಕೂಡಿಬಂದವು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಈ ಬಂಗಲೆಗಳ ಮಾಲೀಕರಿಗೆ ಅವನ್ನು ಸಾಕುವುದು ಕಷ್ಟವಾಗಿತ್ತು. ಯಜಮಾನ ಸತ್ತರೆ ವಾರಸುದಾರರ ಮೇಲೆ ಭಾರಿ ತೆರಿಗೆ. ಕೆಲಸದಾಳುಗಳು ಸಿಗುತ್ತಿರಲಿಲ್ಲ. ಸೈನ್ಯ, ಆಸ್ಪತ್ರೆ ಬಳಸಿ ಬಿಟ್ಟ ಮನೆಗಳು ಖಾಲಿ ಬಿದ್ದಿದ್ದವು. ಇತ್ತ 1941ರಲ್ಲೇ ಆಕ್ಸ್‌ಫರ್ಡಿನ ವಿದ್ವಾಂಸ ಸರ್ ರಿಚರ್ಡ್ ಲಿವಿಂಗ್‌ಸ್ಟನ್, ದೊಡ್ಡವರಿಗೂ ಉಳಿದುಕೊಂಡು ಕಲಿಯುವ ಶಾಲೆಗಳು ಬೇಕು ಎಂದು ವಾದಿಸಿದ್ದರು. ಅವರ ಕಣ್ಣಿದ್ದದ್ದು ಡೆನ್ಮಾರ್ಕಿನ ಮೇಲೆ. ಅಲ್ಲಿ ಗ್ರುಂಟ್ವಿಗ್ ಎಂಬ ಪಾದ್ರಿಯ ವಿಚಾರದಿಂದ ಹುಟ್ಟಿದ ಜನತಾ ಶಾಲೆಗಳು 1844ರಿಂದಲೂ ನಡೆದುಕೊಂಡು ಬಂದಿದ್ದವು. ರೈತರ ಮಕ್ಕಳು ಅಲ್ಲಿ ತಿಂಗಳುಗಟ್ಟಲೆ ಒಟ್ಟಿಗೆ ಉಳಿದು, ಉಂಡು, ಹಾಡಿ, ಓದಿ ಬರುತ್ತಿದ್ದರು. ಪರೀಕ್ಷೆಯ ಗೋಜಿಲ್ಲ.

ಇದು ನಮಗೆ ತೀರಾ ಹೊರಗಿನ ಕಥೆಯೇನೂ ಅಲ್ಲ. ಹಳೆ ಮೈಸೂರು ರಾಜ್ಯದ ವಯಸ್ಕರ ಶಿಕ್ಷಣ ಸಮಿತಿಯವರು ನಂಜನಗೂಡಿನಲ್ಲಿ ಶುರು ಮಾಡಿದ ವಿದ್ಯಾಪೀಠಕ್ಕೂ ಇದೇ ಡೆನ್ಮಾರ್ಕಿನ ಶಾಲೆಯೇ ಮಾದರಿ. ಹಳ್ಳಿಯ ಹುಡುಗರು ಬಂದು ಉಳಿದು, ಬೇಸಾಯ, ಸಹಕಾರ, ಹಾಡು, ನಾಟಕ ಎಲ್ಲ ಕಲಿತು ಹೋಗಲಿ ಎಂಬುದು ಅದರ ಹಿಂದಿದ್ದ ಆಸೆ. ಅದೇ ಬೀಜ ಇಂಗ್ಲೆಂಡಿನಲ್ಲಿ ಬಂಗಲೆಯ ಅಂಗಳದಲ್ಲಿ ಬಿತ್ತು, ನಮ್ಮಲ್ಲಿ ಕಪಿಲೆಯ ದಡದ ಊರಿನಲ್ಲಿ ಬಿತ್ತು, ಅಷ್ಟೇ.

ಇಷ್ಟು ಹೇಳಲು ಕಾರಣವಿದೆ. ನಾನು ಹೋಲಿಸುವಾಗ ಇಟ್ಟುಕೊಂಡ ಅಳತೆಗೋಲು ಇಲ್ಲಿಂದಲೇ ಬಂದದ್ದು. ಕೋರ್ಸ್ ಪಟ್ಟಿ, ಮೇಷ್ಟ್ರ ಹೆಸರು, ಬಂಗಲೆಯ ಫೋಟೋ ಎಲ್ಲ ಆಮೇಲೆ. ಮೊದಲು ಕೇಳಬೇಕಾದ್ದು ಇದು: ಸಂಜೆ ಐದು ಗಂಟೆಗೆ ಕ್ಲಾಸ್ ಮುಗಿದ ಮೇಲೆ ಅಲ್ಲಿ ಏನಾಗುತ್ತದೆ? ಎಲ್ಲರೂ ಕಾರು ಹತ್ತಿ ಹೋಗುವುದಾದರೆ, ಅದೇ ಪಾಠವನ್ನು ನಿಮ್ಮ ಊರಿನ ಕೌನ್ಸಿಲ್ ನಡೆಸುವ ಸಂಜೆ ಕಾಲೇಜಿನಲ್ಲಿ ಕಾಲುಭಾಗ ದುಡ್ಡಿಗೆ ಕಲಿಯಬಹುದು. ಬಂಗಲೆಗೆ ಹೋಗುವುದೇ ರಾತ್ರಿ ಉಳಿಯುವುದಕ್ಕೆ.

ವೆಸ್ಟ್ ಡೀನ್: ಕೈ ಕೊಳೆ ಮಾಡಿಕೊಳ್ಳುವವರಿಗೆ

ವೆಸ್ಟ್ ಸಸೆಕ್ಸ್‌ನ ಚಿಚೆಸ್ಟರ್ ಊರಿನಿಂದ ಉತ್ತರಕ್ಕೆ ಆರು ಮೈಲಿ. ಲಂಡನ್ ವಿಕ್ಟೋರಿಯಾದಿಂದ ಚಿಚೆಸ್ಟರ್‌ಗೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಅಲ್ಲಿಂದ ಮಿಡ್‌ಹರ್ಸ್ಟ್ ಕಡೆ ಹೋಗುವ 60ನೇ ನಂಬರ್ ಬಸ್ ಹತ್ತಿದರೆ ವೆಸ್ಟ್ ಡೀನ್ ಹಳ್ಳಿಯಲ್ಲೇ ಇಳಿಯಬಹುದು. ಕಾರಿಲ್ಲದವರಿಗೆ ಇದು ದೊಡ್ಡ ಅನುಕೂಲ.

ಮನೆಯ ಗೋಡೆಗಳೆಲ್ಲ ಚಕಮಕಿ ಕಲ್ಲಿನವು. 19ನೇ ಶತಮಾನದ ಆರಂಭದಲ್ಲಿ ಜೇಮ್ಸ್ ವಯಟ್ ಎಂಬ ವಾಸ್ತುಶಿಲ್ಪಿ ಕಟ್ಟಿದ್ದು. 1891ರಲ್ಲಿ ವಿಲಿಯಂ ಜೇಮ್ಸ್ ಎಂಬ ಸಾಹುಕಾರ ಕೊಂಡ. ಅವನ ಮಗ ಎಡ್ವರ್ಡ್ ಜೇಮ್ಸ್ (1907–1984) ಬಲು ವಿಚಿತ್ರ ಮನುಷ್ಯ. ಕವಿ. ಡಾಲಿ, ಮಗ್ರೀಟ್‌ರಂಥ ಸರ್ರಿಯಲಿಸ್ಟ್ (ಕನಸಿನಂಥ ವಿಚಿತ್ರ ಲೋಕ ಬಿಡಿಸುವ) ಕಲಾವಿದರಿಗೆ ದುಡ್ಡು ಕೊಟ್ಟು ಸಾಕಿದವನು. ತುಟಿಯ ಆಕಾರದ ಕೆಂಪು ಸೋಫಾ, ಹಿಡಿಯುವ ಕಡೆ ಲಾಬ್‌ಸ್ಟರ್ (ದೊಡ್ಡ ಸೀಗಡಿಯಂಥ ಕಡಲಜೀವಿ) ಕೂರಿಸಿದ ಟೆಲಿಫೋನ್ ಇವೆಲ್ಲ ನೋಡಿರಬಹುದು. ಡಾಲಿ 1930ರ ದಶಕದಲ್ಲಿ ಅವನ್ನು ರೂಪಿಸಿದ್ದು ಈ ಎಡ್ವರ್ಡ್ ಜೊತೆಗಿನ ಒಡನಾಟದಲ್ಲಿ. ಕೊನೆಗೆ ಅವನು ಮೆಕ್ಸಿಕೋದ ಕಾಡಿನಲ್ಲಿ ಕಾಂಕ್ರೀಟಿನ ಕನಸಿನರಮನೆ ಕಟ್ಟಲು ಹೊರಟ. 1964ರಲ್ಲಿ ಮನೆ ಮತ್ತು ಎಸ್ಟೇಟನ್ನು ಟ್ರಸ್ಟಿಗೆ ಬರೆದುಕೊಟ್ಟ. ಹಳೆ ಕಸುಬುಗಳು ಸಾಯಬಾರದು ಎಂಬುದು ಅವನ ಹಂಬಲವಾಗಿತ್ತು. 1971ರಲ್ಲಿ ಕಾಲೇಜು ಬಾಗಿಲು ತೆರೆಯಿತು.

ಈ ಹಂಬಲ ಇವತ್ತಿಗೂ ಅಲ್ಲಿ ಕಾಣುತ್ತದೆ. ಗಡಿಯಾರ ರಿಪೇರಿ, ಪುಸ್ತಕ ಬೈಂಡಿಂಗ್, ಕುಲುಮೆ ಕೆಲಸ, ಮಡಕೆ, ಬುಟ್ಟಿ ಹೆಣೆಯುವುದು, ಬೆಳ್ಳಿ ಕೆಲಸ, ಮರಗೆಲಸ, ಕಸೂತಿ, ಚಿತ್ರಕಲೆ. ಒಂದು ದಿನದ ಕೋರ್ಸಿನಿಂದ ಹಿಡಿದು ವಾರದವರೆಗೆ ಇವೆ. ಅದರ ಪಕ್ಕದಲ್ಲೇ ಹಳೆ ಗಡಿಯಾರ, ಪುಸ್ತಕ, ಪೀಠೋಪಕರಣ, ಪಿಂಗಾಣಿ ಸಂರಕ್ಷಣೆಯಲ್ಲಿ ಪದವಿ ಮಟ್ಟದ ಓದೂ ಇದೆ. ಈ ಅಕ್ಕಪಕ್ಕವೇ ವೆಸ್ಟ್ ಡೀನ್‌ನ ನಿಜವಾದ ಬಲ ಎಂದು ನನ್ನ ಅನಿಸಿಕೆ. ಹವ್ಯಾಸಕ್ಕೆ ಬಂದ ನಮ್ಮಂಥವರಿಗೂ ಕಸುಬಿನವರ ಹತಾರಗಳೇ ಸಿಗುತ್ತವೆ. ಅಲ್ಲಿನ ಟೇಪೆಸ್ಟ್ರಿ ಸ್ಟುಡಿಯೋದ ನೇಕಾರರು ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಕೋಟೆಗಾಗಿ ಯೂನಿಕಾರ್ನ್ (ಕಥೆಗಳಲ್ಲಿ ಬರುವ ಒಂಟಿಕೊಂಬಿನ ಕುದುರೆ) ಬೇಟೆಯ ಚಿತ್ರಗಳುಳ್ಳ ಗೋಡೆ ಬಟ್ಟೆಗಳನ್ನು ಕೈಯಲ್ಲೇ ನೇಯ್ದುಕೊಟ್ಟರು. ವರ್ಷಗಟ್ಟಲೆ ಹಿಡಿದ ಕೆಲಸ ಅದು.

ನಾನು ಬೈಂಡಿಂಗ್ ಕೋರ್ಸಿಗೆ ಹೋದಾಗ ನಮ್ಮ ಬೆಂಚಿನಲ್ಲಿ ಎಂಟು ಜನ. ಒಬ್ಬರು ನರ್ಸ್, ಒಬ್ಬರು ರೈಲ್ವೆಯಲ್ಲಿದ್ದವರು, ಇಬ್ಬರು ಅತ್ತೆ ಸೊಸೆ. ಮೊದಲ ದಿನ ನಾನು ಹೊಲಿದ ಪುಸ್ತಕ ಬಾಳೆಕಾಯಿಯ ಹಾಗೆ ಬಾಗಿತ್ತು. ಮೇಷ್ಟ್ರು ಏನೂ ಅನ್ನದೆ ದಾರ ಕತ್ತರಿಸಿ ಮತ್ತೆ ಕೈಗಿಟ್ಟರು. ರಾತ್ರಿ ಊಟವಾದ ಮೇಲೂ ನಮ್ಮ ವರ್ಕ್‌ಶಾಪ್ ತೆರೆದಿತ್ತು. ನಾಲ್ಕು ಜನ ಮತ್ತೆ ಹೋಗಿ ಕೂತೆವು. ಮೇಷ್ಟ್ರಿಲ್ಲದ ಆ ಎರಡು ಗಂಟೆಯಲ್ಲಿ, ರೈಲ್ವೆಯ ಆ ಅಜ್ಜ ನನಗೆ ಗಂಟು ಹಾಕುವುದನ್ನು ಹೇಳಿಕೊಟ್ಟರು. ಆ ಗಂಟು ಇವತ್ತಿಗೂ ಬರುತ್ತದೆ. ಹಗಲಿನ ಪಾಠದಲ್ಲಿ ಅರ್ಧ ಮರೆತೇ ಹೋಗಿದೆ. ಆದ್ದರಿಂದ ಬುಕ್ ಮಾಡುವಾಗ ಇದೊಂದು ಕೇಳಿ: ನಮ್ಮ ವರ್ಕ್‌ಶಾಪ್ ರಾತ್ರಿ ತೆರೆದಿರುತ್ತದೆಯೇ? ಕುಲುಮೆಯಂಥ ಕಡೆ ಸುರಕ್ಷತೆಯ ಕಾರಣಕ್ಕೆ ಮೇಷ್ಟ್ರಿಲ್ಲದೆ ಬಿಡುವುದು ಕಷ್ಟ.

ತೋಟದ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. 300 ಅಡಿ ಉದ್ದದ ಬಳ್ಳಿ ಚಪ್ಪರ, ಗೋಡೆ ಕಟ್ಟಿದ ತರಕಾರಿ ತೋಟ, ವಿಕ್ಟೋರಿಯಾ ಕಾಲದ ಗಾಜಿನ ಮನೆಗಳು. ಆ ಗಾಜಿನ ಮನೆಗಳಲ್ಲಿ ಮೆಣಸಿನಕಾಯಿ ಬೆಳೆಯುತ್ತಾರೆ! ಹಲವು ವರ್ಷ ಅಲ್ಲಿ ಮೆಣಸಿನಕಾಯಿ ಹಬ್ಬವೇ ನಡೆಯುತ್ತಿತ್ತು. ಬ್ಯಾಡಗಿ ಮೆಣಸು ತಿಂದು ಬೆಳೆದವರಿಗೆ ಚಳಿದೇಶದ ಕುಂಡದಲ್ಲಿ ನಿಂತ ಮೆಣಸಿನ ಗಿಡ ನೋಡಿದರೆ ನಗುವೂ ಬರುತ್ತದೆ, ಸ್ವಲ್ಪ ಪ್ರೀತಿಯೂ ಬರುತ್ತದೆ.

ಕೊರತೆ ಏನು? ಖರ್ಚು. ಬೋಧನೆಗೆ ಒಂದು ಲೆಕ್ಕ, ಸಾಮಗ್ರಿಗೆ ಇನ್ನೊಂದು, ರೂಮಿಗೆ ಮತ್ತೊಂದು. ಮೊದಲ ಅಂಕಿ ನೋಡಿ ಖುಷಿಪಟ್ಟರೆ ಕೊನೆಯ ಅಂಕಿ ಬೆವರು ಬಿಡಿಸುತ್ತದೆ. ಇನ್ನೊಂದು, ಎರಡು ದಿನದಲ್ಲಿ ಕಸುಬು ಬರುವುದಿಲ್ಲ. ಒಂದು ವಸ್ತು ಮಾಡಿಕೊಂಡು ಬರುತ್ತೀರಿ, ಅಷ್ಟೇ. ಮನೆಯಲ್ಲಿ ಮುಂದುವರಿಸಲು ಜಾಗ, ಹತಾರ ಇಲ್ಲದಿದ್ದರೆ ಮುಂದಿನ ವರ್ಷ ಮತ್ತೆ ಅ ಆ ಇ ಈ. ಅದಕ್ಕೇ ನನ್ನ ಸಲಹೆ: ಬೆಳ್ಳಿ, ಕಬ್ಬಿಣ ಅಂತ ಆಸೆಪಡುವ ಬದಲು ಊಟದ ಮೇಜಿನ ಮೇಲೆ ಮುಂದುವರಿಸಬಹುದಾದ್ದನ್ನು ಆರಿಸಿಕೊಳ್ಳಿ. ಬೈಂಡಿಂಗ್, ಕಸೂತಿ, ಬುಟ್ಟಿ, ಚಿತ್ರ.

ಮ್ಯಾಡಿಂಗ್ಲಿ: ಓದುವವರಿಗೆ, ಕಾಗದ ಬೇಕಾದವರಿಗೆ

ಕೇಂಬ್ರಿಡ್ಜ್‌ನಿಂದ ಪಶ್ಚಿಮಕ್ಕೆ ನಾಲ್ಕು ಮೈಲಿಯಲ್ಲಿ ಮ್ಯಾಡಿಂಗ್ಲಿ ಹಾಲ್. 1543ರಲ್ಲಿ ಸರ್ ಜಾನ್ ಹೈಂಡ್ ಎಂಬ ನ್ಯಾಯಾಧೀಶ ಕಟ್ಟಲು ಶುರು ಮಾಡಿದ ಇಟ್ಟಿಗೆಯ ಮನೆ. 18ನೇ ಶತಮಾನದಲ್ಲಿ ಇದರ ಸುತ್ತಲ ನೆಲವನ್ನು ತಿದ್ದಿದವನು ಹೆಸರಾಂತ ತೋಟ ವಿನ್ಯಾಸಕ ಕೇಪಬಿಲಿಟಿ ಬ್ರೌನ್. ಅದೇ ಕಾಲದಲ್ಲಿ ಕೇಂಬ್ರಿಡ್ಜ್‌ನ ಹಳೆ ಕಟ್ಟಡವೊಂದರ 15ನೇ ಶತಮಾನದ ಹೆಬ್ಬಾಗಿಲನ್ನು ಕಿತ್ತು ತಂದು ಇಲ್ಲಿ ನಿಲ್ಲಿಸಿದರು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ಆಮೇಲೆ, 1948ರಲ್ಲಿ, ಮನೆಯನ್ನೇ ಕೊಂಡುಕೊಂಡಿತು. ಬಾಗಿಲು ಮೊದಲು ಬಂತು, ಯಜಮಾನರು ಹಿಂದಿನಿಂದ ಬಂದರು ಎನ್ನಬಹುದು.

ಇಲ್ಲೊಂದು ಕಥೆ. ರಾಣಿ ವಿಕ್ಟೋರಿಯಾಳ ಹಿರಿಮಗ, ಮುಂದೆ ಏಳನೇ ಎಡ್ವರ್ಡ್ ಆದವನು, ಕೇಂಬ್ರಿಡ್ಜ್‌ನಲ್ಲಿ ಓದುವಾಗ ಇದ್ದದ್ದು ಈ ಮನೆಯಲ್ಲಿ. ಹುಡುಗ ಒಬ್ಬ ನಟಿಯ ಸಹವಾಸ ಮಾಡಿದ ಸುದ್ದಿ ಅರಮನೆಗೆ ಮುಟ್ಟಿತು. 1861ರ ನವೆಂಬರ್‌ನಲ್ಲಿ ಅಪ್ಪ ಆಲ್ಬರ್ಟ್, ಮೈ ಸರಿಯಿಲ್ಲದಿದ್ದರೂ, ಬುದ್ಧಿ ಹೇಳಲು ಬಂದ. ಅಪ್ಪ ಮಗ ಮಳೆಯಲ್ಲಿ ನಡೆದಾಡಿದರು. ಡಿಸೆಂಬರ್ 14ಕ್ಕೆ ಆಲ್ಬರ್ಟ್ ತೀರಿಕೊಂಡ. ಮಗನಿಂದಲೇ ಗಂಡ ಹೋದ ಎಂದು ರಾಣಿ ಕೊರಗಿದಳು. ಇದೇ ಎಡ್ವರ್ಡ್ ದೊರೆ ಮುಂದೆ ವೆಸ್ಟ್ ಡೀನ್‌ಗೂ ಶಿಕಾರಿಗೆ ಹೋಗಿಬರುತ್ತಿದ್ದ. ಎಡ್ವರ್ಡ್ ಜೇಮ್ಸ್‌ಗೆ ಆ ಹೆಸರು ಬಂದದ್ದೂ ಅವನಿಂದಲೇ, ದೊರೆ ಅವನ ಗಾಡ್‌ಫಾದರ್, ಅಂದರೆ ದೀಕ್ಷಾಸ್ನಾನದ ಧರ್ಮಪಿತ. ಎರಡು ಬಂಗಲೆಗಳಿಗೂ ಒಬ್ಬನೇ ಅತಿಥಿ.

ಸರಿ, ಪಾಠಕ್ಕೆ ಬರೋಣ. ಕೇಂಬ್ರಿಡ್ಜ್ 1873ರಿಂದಲೇ ತನ್ನ ಗೋಡೆಯಾಚೆಯ ಜನಕ್ಕೆ ಉಪನ್ಯಾಸ ಕೊಡಲು ಆರಂಭಿಸಿತ್ತು. ಆ ಕೆಲಸದ ಇಂದಿನ ನೆಲೆ ಮ್ಯಾಡಿಂಗ್ಲಿ. ಇಲ್ಲಿ ಕೈಗೆಲಸ ಕಡಿಮೆ, ಓದು ಜಾಸ್ತಿ. ಇತಿಹಾಸ, ಸಾಹಿತ್ಯ, ಪುರಾತತ್ವ, ತತ್ವಶಾಸ್ತ್ರ, ಖಗೋಳ, ಕಥೆ ಕವಿತೆ ಬರೆಯುವುದು. ವಾರಾಂತ್ಯದ ಕೋರ್ಸ್‌ಗಳಿವೆ, ಆನ್‌ಲೈನ್ ಕೋರ್ಸ್‌ಗಳಿವೆ, ಬಿಡುವಿನಲ್ಲಿ ಓದುವ ಅಂಡರ್‌ಗ್ರಾಜುಯೇಟ್ ಸರ್ಟಿಫಿಕೇಟ್, ಡಿಪ್ಲೊಮಾ, ಅದರ ಮೇಲೆ ಎಂ.ಎಸ್‌ಟಿ. ಎಂಬ ಸ್ನಾತಕೋತ್ತರ ಪದವಿಯೂ ಇದೆ.

ನಮ್ಮ ದಾವಣಗೆರೆಯವನಿಗೆ ಬೇಕಾಗಿದ್ದು ಇದೇ. ಆದರೆ ಒಂದು ಲೆಕ್ಕ ತಿಳಿದಿರಲಿ. ಇಂಗ್ಲೆಂಡಿನ ಆನರ್ಸ್ ಪದವಿಗೆ 360 ಕ್ರೆಡಿಟ್ (ಓದಿನ ಪ್ರಮಾಣದ ಅಳತೆ). ಇಲ್ಲಿನ ಒಂದು ಅಂಡರ್‌ಗ್ರಾಜುಯೇಟ್ ಸರ್ಟಿಫಿಕೇಟ್ ಸಾಮಾನ್ಯವಾಗಿ 60 ಕ್ರೆಡಿಟ್. ಅಂದರೆ ಕಾಗದದ ಮೇಲೆ ಕೇಂಬ್ರಿಡ್ಜ್ ಹೆಸರು ಬರುತ್ತದೆ, ಪದವಿಯ ಆರನೇ ಒಂದು ಪಾಲು ಬರುತ್ತದೆ. ಊರಿನಲ್ಲಿ "ಕೇಂಬ್ರಿಡ್ಜ್‌ನಲ್ಲಿ ಓದಿದ್ದೀನಿ" ಅಂತ ಹೇಳಿಕೊಳ್ಳಲು ಸಾಕು ಬಿಡಿ. ಆದರೆ ಕೆಲಸ ಬದಲಿಸುವ ಯೋಚನೆ ಇದ್ದರೆ ಈ ಅಂತರ ಗೊತ್ತಿದ್ದು ಹೋಗಬೇಕು. ವಾರಾಂತ್ಯದ ಕೋರ್ಸಿಗೂ ಕ್ರೆಡಿಟ್ ಬರುವ ಕೋರ್ಸಿಗೂ ಬಹಳ ವ್ಯತ್ಯಾಸ. ಎರಡನೆಯದರಲ್ಲಿ ಪ್ರಬಂಧ ಬರೆಯಬೇಕು, ಗಡುವು ಇರುತ್ತದೆ. ಐವತ್ತರ ಮೇಲೆ ಮತ್ತೆ ಗಡುವಿನ ಭಯ ಬೇಕಾ? ಕೆಲವರಿಗೆ ಅದೇ ಬೇಕು. ನನಗೆ ಬೇಡ.

ನನ್ನ ಅಳತೆಗೋಲಿನಲ್ಲಿ ಮ್ಯಾಡಿಂಗ್ಲಿ ಎಲ್ಲಿ ನಿಲ್ಲುತ್ತದೆ? ನಡುವೆ. ಮನೆ ಚೆನ್ನ, ತೋಟ ಚೆನ್ನ, ಊಟ ಚೆನ್ನ. ಆದರೆ ಈಗ ಓದಿನ ದೊಡ್ಡ ಪಾಲು ಆನ್‌ಲೈನ್‌ಗೆ ಸರಿದಿದೆ. ಪರದೆಯ ಮೇಲಿನ ಪಾಠಕ್ಕೆ ಸಂಜೆ ಎಂಬುದಿಲ್ಲ. ಲ್ಯಾಪ್‌ಟಾಪ್ ಮುಚ್ಚಿದರೆ ಮುಗಿಯಿತು. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಕೂತವರಿಗೆ ಅದೇ ವರ ಎಂಬುದನ್ನೂ ಒಪ್ಪುತ್ತೇನೆ. ವೀಸಾ ಬೇಡ, ಸ್ವೆಟರ್ ಬೇಡ. ಆದರೆ ಇಂಗ್ಲೆಂಡಿನಲ್ಲೇ ಇರುವವರು ಮ್ಯಾಡಿಂಗ್ಲಿ ಆರಿಸುವುದಾದರೆ, ಆ ಮನೆಯಲ್ಲೇ ನಡೆಯುವ ವಾರಾಂತ್ಯದ ಕೋರ್ಸ್ ಒಂದನ್ನು ಮೊದಲು ಮಾಡಿ ನೋಡಿ. ಮೇಷ್ಟ್ರ ಪಕ್ಕದಲ್ಲಿ ಕೂತು ತಿಂಡಿ ತಿನ್ನುವಾಗ ಕೇಳುವ ಪ್ರಶ್ನೆ ಚಾಟ್ ಬಾಕ್ಸಿನಲ್ಲಿ ಹುಟ್ಟುವುದಿಲ್ಲ. ಹೋಗಿಬರುವುದು ಸ್ವಲ್ಪ ಫಜೀತಿ. ಹಳ್ಳಿಗೆ ಬಸ್ ಕಡಿಮೆ, ಕೇಂಬ್ರಿಡ್ಜ್ ಸ್ಟೇಷನ್ನಿನಿಂದ ಟ್ಯಾಕ್ಸಿಯೇ ವಾಸಿ.

ಡಾರ್ಟಿಂಗ್ಟನ್: ನನ್ನ ಮನಸ್ಸಿಗೆ ಹತ್ತಿರ, ನನ್ನ ಸಲಹೆಗೆ ದೂರ

ಇದರ ಬಗ್ಗೆ ಬರೆಯಲು ಕೂತರೆ ನನಗೆ ನಿಲ್ಲಿಸುವುದು ಕಷ್ಟ.

ನೈಋತ್ಯದ ಡೆವನ್‌ನಲ್ಲಿ ಟಾಟ್ನೆಸ್ ಎಂಬ ಪುಟ್ಟ ಊರು. ಲಂಡನ್ ಪ್ಯಾಡಿಂಗ್ಟನ್‌ನಿಂದ ರೈಲಿನಲ್ಲಿ ಮೂರು ಗಂಟೆಯ ಹತ್ತಿರ. ಅಲ್ಲಿಂದ ಡಾರ್ಟ್ ನದಿಯ ಪಕ್ಕದಲ್ಲೇ ನಡೆದು ಹೋದರೆ ಡಾರ್ಟಿಂಗ್ಟನ್ ಹಾಲ್. ಎರಡನೇ ರಿಚರ್ಡ್ ದೊರೆಯ ಮಲಸಹೋದರ ಜಾನ್ ಹಾಲೆಂಡ್ 14ನೇ ಶತಮಾನದ ಕೊನೆಯಲ್ಲಿ ಕಟ್ಟಿಸಿದ್ದು. 1925ರ ಹೊತ್ತಿಗೆ ಹಜಾರದ ಮಾಡೇ ಹಾರಿಹೋಗಿತ್ತು. ಆಗ ಅದನ್ನು ಕೊಂಡವರು ಲೆನರ್ಡ್ ಮತ್ತು ಡೊರೊತಿ ಎಲ್ಮ್‌ಹರ್ಸ್ಟ್ ದಂಪತಿ. ಈ ಲೆನರ್ಡ್ ಯಾರು ಗೊತ್ತೇ? ರವೀಂದ್ರನಾಥ ಠಾಕೂರರ ಕಾರ್ಯದರ್ಶಿಯಾಗಿದ್ದವರು. 1922ರಲ್ಲಿ ಶಾಂತಿನಿಕೇತನದ ಪಕ್ಕದ ಸುರುಲ್‌ನಲ್ಲಿ ಶ್ರೀನಿಕೇತನ ಶುರುವಾದಾಗ ಅದನ್ನು ಕಟ್ಟಲು ನಿಂತವರು. ಆ ಕೆಲಸಕ್ಕೆ ದುಡ್ಡು ಕೊಟ್ಟವರು ಅಮೆರಿಕದ ಶ್ರೀಮಂತೆ ಡೊರೊತಿ. ಆಮೇಲೆ ಇಬ್ಬರೂ ಮದುವೆಯಾದರು. ಇಂಗ್ಲೆಂಡಿನಲ್ಲೂ ಅಂಥದ್ದೊಂದು ಮಾಡಿ, ಡೆವನ್ ಚೆನ್ನಾಗಿದೆ ನೋಡಿ ಎಂದವರು ಠಾಕೂರರೇ.

ಅಂದರೆ ಇಂಗ್ಲೆಂಡಿನ ಒಂದು ಮಧ್ಯಯುಗದ ಬಂಗಲೆಯಲ್ಲಿ ಹೊಲ, ಮಗ್ಗ, ಕುಣಿತ, ಶಾಲೆ ಎಲ್ಲ ಒಟ್ಟಿಗೆ ಬಾಳಬೇಕು ಎಂಬ ಯೋಚನೆ ಬಂಗಾಳದ ಕೆಂಪು ಮಣ್ಣಿನಿಂದ ಬಂತು. ಬೇಸಾಯದ ಪ್ರಯೋಗ ನಡೆಯಿತು, ಹೊಸ ಬಗೆಯ ಶಾಲೆ ನಡೆಯಿತು, ಉದಯಶಂಕರರ ನೃತ್ಯತಂಡ ಬಂದು ಉಳಿಯಿತು. ಆ ಶಾಲೆಯಲ್ಲಿ ಓದಿದ ಮೈಕಲ್ ಯಂಗ್ ಮುಂದೆ ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯ ಕಲ್ಪನೆ ಕೊಟ್ಟವರಲ್ಲಿ ಮುಖ್ಯರಾದರು. ನಮ್ಮ ಮುಕ್ತ ವಿಶ್ವವಿದ್ಯಾಲಯಗಳಿಗೆಲ್ಲ ದಾರಿ ತೋರಿದ್ದು ಅದು. 1953ರಿಂದ ಬೇಸಿಗೆಯ ಸಂಗೀತ ಶಾಲೆ ಇಲ್ಲಿಗೆ ಬಂತು. ಹೆಸರಾಂತ ಪಿಟೀಲುವಾದಕರೂ ಈಗಷ್ಟೇ ಕಲಿಯುವವರೂ ಒಂದೇ ಮೇಜಿನಲ್ಲಿ ಊಟ ಮಾಡುವ ಶಾಲೆ ಎಂದು ಅದು ಹೆಸರಾಯಿತು.

1991ರ ಜನವರಿಯಲ್ಲಿ ಇದೇ ಎಸ್ಟೇಟಿನಲ್ಲಿ ಶೂಮಾಕರ್ ಕಾಲೇಜಿನ ಮೊದಲ ಕೋರ್ಸ್ ನಡೆಯಿತು. ಮೇಷ್ಟ್ರು, ಭೂಮಿಯೇ ಒಂದು ಜೀವವಿದ್ದಂತೆ ಎಂದ ವಿಜ್ಞಾನಿ ಜೇಮ್ಸ್ ಲವ್‌ಲಾಕ್. ಕಾಲೇಜು ಕಟ್ಟಿದವರಲ್ಲಿ ಪ್ರಮುಖರು ಸತೀಶ್ ಕುಮಾರ್. ರಾಜಸ್ಥಾನದಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಜೈನ ಸನ್ಯಾಸಿಯಾಗಿ, ಆಮೇಲೆ ಅದನ್ನು ಬಿಟ್ಟು, 1962ರಲ್ಲಿ ಅಣುಬಾಂಬಿನ ವಿರುದ್ಧ ದೆಹಲಿಯಿಂದ ಮಾಸ್ಕೋ ಕಡೆ ಕಾಲ್ನಡಿಗೆಯಲ್ಲಿ ಹೊರಟವರು. ಆ ಕಾಲೇಜಿನಲ್ಲಿ ವಿದ್ಯಾರ್ಥಿಗಳೇ ಸರದಿಯ ಮೇಲೆ ಅಡುಗೆ ಮಾಡಬೇಕಿತ್ತು, ನೆಲ ಒರೆಸಬೇಕಿತ್ತು, ತೋಟದಲ್ಲಿ ಕಳೆ ಕೀಳಬೇಕಿತ್ತು. ಅದೂ ಪಾಠವೇ. ಅಡುಗೆ ಸಸ್ಯಾಹಾರಿ.

ಐದು ಗಂಟೆಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಇಂಗ್ಲೆಂಡಿನಲ್ಲಿ ಬೇರೆ ಇರಲಿಲ್ಲ. ಇರಲಿಲ್ಲ ಅಂತ ಬರೆಯುವಾಗ ಬೇಸರವಾಗುತ್ತದೆ. ಎಸ್ಟೇಟ್ ನೋಡಿಕೊಳ್ಳುವ ಟ್ರಸ್ಟಿಗೆ ಹಣದ ಮುಗ್ಗಟ್ಟು. 2024ರಲ್ಲಿ ಶೂಮಾಕರ್ ಕಾಲೇಜಿನ ಪದವಿ ಕೋರ್ಸ್‌ಗಳು ಅಲ್ಲಿ ನಿಂತವು. ಓದುತ್ತಿದ್ದವರು ನಡುದಾರಿಯಲ್ಲಿ ಬೇರೆ ಕಡೆ ಹುಡುಕಿಕೊಳ್ಳಬೇಕಾಯಿತು.

ಅದಕ್ಕೇ ಡಾರ್ಟಿಂಗ್ಟನ್ ಹೆಸರಿನಲ್ಲಿ ಕಾಣುವ ಯಾವುದೇ ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಎರಡು ವಿಷಯ ಪತ್ತೆ ಮಾಡಿ. ನಡೆಸುವವರು ಯಾರು, ಟ್ರಸ್ಟೇ ಅಥವಾ ಜಾಗ ಬಾಡಿಗೆಗೆ ಪಡೆದವರೇ? ಕೋರ್ಸ್ ರದ್ದಾದರೆ ದುಡ್ಡು ವಾಪಸ್ ಕೊಡುವವರು ಯಾರು? ಇದು ಸರಿಯಿದ್ದರೆ ಎರಡು ಮೂರು ದಿನದ ಕೋರ್ಸಿಗೆ ಧಾರಾಳವಾಗಿ ಹೋಗಿ. ವರ್ಷಗಟ್ಟಲೆ ಓದಿಗೆ ನಾನು ಯಾರಿಗೂ ಹೇಳಲಾರೆ. ಏನೂ ಬೇಡವೆಂದರೆ ಸುಮ್ನೆ ಒಂದು ದಿನ ಹೋಗಿ ಆ ಹಜಾರದಲ್ಲಿ ನಿಂತು, ತೋಟದಲ್ಲಿ ಹೆನ್ರಿ ಮೂರ್ ಕೆತ್ತಿದ ಒರಗಿ ಕೂತ ಹೆಂಗಸಿನ ಶಿಲ್ಪ ನೋಡಿ ಬನ್ನಿ.

ಮುಚ್ಚುವ ಬಾಗಿಲುಗಳು

ಡಾರ್ಟಿಂಗ್ಟನ್ ಒಂದೇ ಅಲ್ಲ. ಆಕ್ಸ್‌ಫರ್ಡ್ ಹತ್ತಿರದ ಡೆನ್ಮನ್, ಹಳ್ಳಿಯ ಹೆಂಗಸರ ಸಂಘಗಳ ಒಕ್ಕೂಟ 1948ರಲ್ಲಿ ತೆರೆದ ಕಾಲೇಜು. ಅಡುಗೆ, ಹೊಲಿಗೆ ಮಾತ್ರವಲ್ಲ, ಮನೆ ಬಿಟ್ಟು ಹೊರಗೆ ಒಂಟಿಯಾಗಿ ಎರಡು ರಾತ್ರಿ ಉಳಿಯುವ ಧೈರ್ಯವನ್ನೂ ಅಲ್ಲಿ ಕಲಿತವರೆಷ್ಟೋ. ಕೊರೊನಾ ವರ್ಷ, 2020ರಲ್ಲಿ, ಮುಚ್ಚಿತು. ವಿಲ್ಟ್‌ಶೈರ್ ಕೌನ್ಸಿಲ್ ನಡೆಸುತ್ತಿದ್ದ ಅರ್ಚ್‌ಫಾಂಟ್ ಮ್ಯಾನರ್ 2012ರಲ್ಲೇ ಹೋಯಿತು. ಮಾಡು ಸೋರುತ್ತದೆ, ಬಾಯ್ಲರ್ ಕೆಡುತ್ತದೆ, ಸರ್ಕಾರದ ದುಡ್ಡು ನಿಲ್ಲುತ್ತದೆ. ಒಂದು ದಿನ ಯಾರೋ ಹೋಟೆಲ್ ಮಾಡುತ್ತೇನೆ ಅಂತ ಬರುತ್ತಾರೆ. ಹಾಗಾಗಿ ಈ ಜಾಗಗಳನ್ನು ಹೋಲಿಸುವಾಗ ಹಿಂದೆ ದುಡ್ಡು ಯಾರದು ಎಂದು ನೋಡುವುದು ಅನುಮಾನದ ಬುದ್ಧಿ ಏನಲ್ಲ. ವೆಸ್ಟ್ ಡೀನ್ ಹಿಂದೆ ಸಾವಿರಾರು ಎಕರೆಯ ಎಸ್ಟೇಟ್ ಇರುವ ಪ್ರತಿಷ್ಠಾನವಿದೆ, ಮ್ಯಾಡಿಂಗ್ಲಿ ಹಿಂದೆ ಇಡೀ ವಿಶ್ವವಿದ್ಯಾಲಯ.

ಉತ್ತರದಲ್ಲಿ ಇರುವವರಿಗೆ ಒಂದು ಹೆಸರು: ಲೇಕ್ ಡಿಸ್ಟ್ರಿಕ್ಟಿನ ಬ್ಯಾಸೆಂತ್‌ವೇಟ್ ಸರೋವರದ ಹತ್ತಿರದ ಹೈಯಂ ಹಾಲ್. 19ನೇ ಶತಮಾನದ ಗೋಥಿಕ್ ಮನೆ, 1970ರ ದಶಕದಿಂದ ದೊಡ್ಡವರ ಕಾಲೇಜು. ಚಿಕ್ಕದು, ಮನೆಯ ಹಾಗೆ. ಬೆಟ್ಟ ಹತ್ತುವುದು, ಚಿತ್ರ, ಸಂಗೀತ. ಹೆಸರಿನ ಹೊಳಪು ಬೇಡ, ನಾಲ್ಕು ಜನರ ಜೊತೆ ಮಾತಾಡಿಕೊಂಡು ಊಟ ಮಾಡಬೇಕು ಅನ್ನುವವರಿಗೆ ಸರಿ.

ಊಟ, ಚಳಿ, ವೀಸಾ

ಸಸ್ಯಾಹಾರ ಎಲ್ಲ ಕಡೆ ಸಿಗುತ್ತದೆ, ಆದರೆ ಬುಕ್ ಮಾಡುವಾಗಲೇ ಹೇಳಿ. ಮೊಟ್ಟೆಯನ್ನು ಅವರು ಸಸ್ಯಾಹಾರದಲ್ಲಿ ಸೇರಿಸುತ್ತಾರೆ ಎಂಬುದು ನೆನಪಿರಲಿ. ಮೂರನೇ ದಿನಕ್ಕೆ ನಾಲಿಗೆ ಕಾಡುತ್ತದೆ. ಚಟ್ನಿಪುಡಿಯ ಪುಟ್ಟ ಡಬ್ಬಿ ಜೇಬಿನಲ್ಲಿದ್ದರೆ ಯಾವ ಸೂಪೂ ಸಹಿಸಬಹುದು. ನನ್ನ ಡಬ್ಬಿ ಊಟದ ಮೇಜಿನಲ್ಲಿ ಒಂದು ಸುತ್ತು ಹೋಗಿ ಖಾಲಿಯಾಗಿ ಬಂದಿತ್ತು.

ಹಳೆ ಮನೆ ಅಂದರೆ ಚಳಿ. ಹೆಸರು ಬೇಡ, ಒಂದು ಕಡೆ ಕಿಟಕಿಯ ಸಂದಿಯಿಂದ ರಾತ್ರಿಯಿಡೀ ಗಾಳಿ ನುಗ್ಗಿ ಕೋಟು ಹಾಕಿಕೊಂಡೇ ಮಲಗಿದ್ದೆ. ಬೆಳಗ್ಗೆ ದೂರು ಕೊಟ್ಟರೆ, "ಇದು ಹಳೆಯ ಕಿಟಕಿ, ಮುಟ್ಟಲು ಅನುಮತಿ ಬೇಕು" ಎಂದರು. ಕಾಯಿದೆ ಪ್ರಕಾರ ಸರಿಯೇ ಇರಬಹುದು. ನನ್ನ ಮೂಗು ಅದನ್ನು ಒಪ್ಪಲಿಲ್ಲ. ಮಂಡಿನೋವು ಇರುವವರು ಇನ್ನೊಂದು ಕೇಳಿ: ರೂಮು ಎಷ್ಟನೇ ಮಹಡಿ, ಲಿಫ್ಟ್ ಇದೆಯೇ, ಕ್ಲಾಸಿಗೂ ರೂಮಿಗೂ ಎಷ್ಟು ದೂರ. ಇಷ್ಟು ವಿಶಾಲವಾದ ಜಾಗದಲ್ಲಿ ಈ ಪ್ರಶ್ನೆಗೆ ನಾಚಿಕೊಳ್ಳಬಾರದು.

ಊರಿನಿಂದ ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮನನ್ನು ಸೇರಿಸುವುದಾದರೆ ನಿಯಮ ಓದಿ. ಹವ್ಯಾಸದ ಸಣ್ಣ ಕೋರ್ಸಿಗೆ ಅವಕಾಶವಿದೆ, ಆದರೆ ಅವಧಿಗೆ ಮಿತಿ ಇದೆ. ಸರ್ಟಿಫಿಕೇಟ್ ಕೊಡುವ ಓದಾದರೆ ಸಂಸ್ಥೆ ಮಾನ್ಯತೆ ಪಡೆದಿರಬೇಕು. ಬ್ರಿಟನ್ ಸರ್ಕಾರದ ವೀಸಾ ಪುಟದಲ್ಲಿ ಆಯಾ ವರ್ಷದ ಮಾತು ನೋಡಿಕೊಂಡೇ ದುಡ್ಡು ಕಟ್ಟಿ.

ಅಕ್ಕ ಕೊನೆಗೆ ಎಲ್ಲಿಗೆ ಹೋದಳು

ದಾವಣಗೆರೆಯವನು ಮ್ಯಾಡಿಂಗ್ಲಿಯ ವಾರಾಂತ್ಯ ಮುಗಿಸಿ ಬಂದು, ಈಗ ಸರ್ಟಿಫಿಕೇಟ್ ಕೋರ್ಸಿಗೆ ಸೇರುವ ಮಾತಾಡುತ್ತಿದ್ದಾನೆ. ಅಕ್ಕನಿಗೆ ನಾನು ವೆಸ್ಟ್ ಡೀನ್‌ನ ಬುಟ್ಟಿ ಹೆಣೆಯುವ ಕೋರ್ಸ್ ತೋರಿಸಿದೆ. ದರ ನೋಡಿದಳು. "ಅರಕಲಗೂಡು ಸಂತೇಲಿ ಇನ್ನೂರು ರೂಪಾಯಿಗೆ ಬುಟ್ಟಿ ಕೊಡ್ತಾರೆ ಕಣೋ. ನಾನು ಮೂವತ್ತು ವರ್ಷ ಪಾಠ ಹೇಳಿ ಸುಸ್ತಾಗಿದ್ದೀನಿ. ನನಗೆ ಮತ್ತೆ ಮೇಷ್ಟ್ರು ಬೇಡ. ಯಾರೂ ಮಾತಾಡಿಸದ ಜಾಗ ಇದ್ದರೆ ಹೇಳು."

ಅಂಥ ಜಾಗವೂ ಇದೆ. ವೇಲ್ಸ್‌ನ ಹಾರ್ಡನ್ ಹಳ್ಳಿಯಲ್ಲಿ, ಚೆಸ್ಟರ್ ಊರಿಗೆ ಹತ್ತಿರ. ನಾಲ್ಕು ಸಲ ಬ್ರಿಟನ್ನಿನ ಪ್ರಧಾನಿಯಾಗಿದ್ದ ಗ್ಲಾಡ್‌ಸ್ಟನ್ ತನ್ನ ಎಸ್ಟೇಟಿನ ಪಕ್ಕದಲ್ಲಿ ಕಟ್ಟಿದ ಗ್ರಂಥಾಲಯ. ಪುಸ್ತಕ ಸಿಗದ ಓದುಗರನ್ನೂ ಓದುಗರು ಸಿಗದ ಪುಸ್ತಕಗಳನ್ನೂ ಒಂದು ಕಡೆ ಸೇರಿಸುವುದು ಹೇಗೆ ಎಂಬ ಚಿಂತೆ ಆತನಿಗೆ ಇತ್ತು ಎಂದು ಮಗಳು ಹೇಳುತ್ತಿದ್ದಳಂತೆ. 85ರ ವಯಸ್ಸಿನಲ್ಲಿ, ಮಗಳು ಮತ್ತು ಒಬ್ಬ ಆಳಿನ ಜೊತೆ ಸೇರಿ, ತನ್ನ 32,000 ಪುಸ್ತಕಗಳನ್ನು ತಳ್ಳುಗಾಡಿಯಲ್ಲಿ ಸಾಗಿಸಿದ. ಈಗಿನ ಕಲ್ಲಿನ ಕಟ್ಟಡ 1902ರದ್ದು. ಮೇಲೆ ಇಪ್ಪತ್ತಾರು ಮಲಗುವ ಕೋಣೆಗಳಿವೆ. ಕೋರ್ಸ್‌ಗಳೂ ಆಗಾಗ ನಡೆಯುತ್ತವೆ, ಆದರೆ ಸೇರಲೇಬೇಕು ಅಂತಿಲ್ಲ. ಉಳಿದುಕೊಂಡವರಿಗೆ ಓದುವ ಹಜಾರ ರಾತ್ರಿಯೂ ತೆರೆದಿರುತ್ತದೆ. ಮಾತಾಡುವ ಹಾಗಿಲ್ಲ.

ಅಕ್ಕ ಎರಡು ರಾತ್ರಿ ಅಂತ ಹೋದಳು, ಮೂರನೆಯದಕ್ಕೂ ಉಳಿದಳು. ಒಂದೂವರೆ ಲಕ್ಷಕ್ಕೂ ಮಿಕ್ಕ ಪುಸ್ತಕಗಳ ನಡುವೆ ಕೂತು, ಹಾಸನದಿಂದ ಬ್ಯಾಗಿನಲ್ಲಿ ತಂದಿದ್ದ ಕುಮಾರವ್ಯಾಸ ಭಾರತ ಓದಿದಳಂತೆ. ಒಳಗೊಳಗೇ ಓದಲು ಎಷ್ಟು ಕಷ್ಟಪಟ್ಟಳೋ. ಕೊನೆಯ ದಿನ ತಿಂಡಿ ಹೊತ್ತಿಗೆ ಎದುರು ಕೂತ ಪಾದ್ರಿಯೊಬ್ಬರು ಅದು ಯಾವ ಲಿಪಿ ಎಂದು ಕೇಳಿದರಂತೆ. ಮೇಷ್ಟ್ರು ಬೇಡ ಅಂದಿದ್ದವಳು ಅಲ್ಲೇ ಪೇಪರ್ ನ್ಯಾಪ್‌ಕಿನ್ ಮೇಲೆ ಅವರಿಗೆ ಅ, ಆ ಬರೆದು ತೋರಿಸಿ ಬಂದಿದ್ದಾಳೆ.